ಕಾಲೇಜಿಗೆ ದತ್ತಿ ಕೊಡುವ ಮುನ್ನ: ಸದಸ್ಯರಿಗೊಂದು ಪಾಠ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಬಿಳಿ ಕಾಂಡಕೊರಕ, ಕಾಯಿಕೊರಕ, ಕೊಳೆರೋಗ, ಮೈಲುತುತ್ತ, ಮರಗಸಿಯ ಕಾಲ, ಗೊಬ್ಬರದ ಪ್ರಮಾಣ ಇವುಗಳನ್ನು ಕುರಿತು. ಈ ಸಲದ ಪಾಠ ತೋಟದ್ದಲ್ಲ, ತೋಟದಿಂದ ಬಂದ ಹಣದ್ದು. ಅದಕ್ಕೆ ಕಾರಣವೂ ಇದೆ. 2024 ಮತ್ತು 2025ರಲ್ಲಿ ಕಾಫಿಗೆ, ಅದರಲ್ಲೂ ರೊಬಸ್ಟಾಕ್ಕೆ, ನಮ್ಮ ತಲೆಮಾರು ಕಂಡಿರದಂಥ ಬೆಲೆ ಬಂದಿತು. ಅಡಿಕೆಯನ್ನು ಎಲೆಚುಕ್ಕಿ ರೋಗ ಕಾಡುತ್ತಿದ್ದರೂ ಕಾಫಿ ಇದ್ದವರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಕೆಲವರ ಸಾಲ ತೀರಿತು, ಕೆಲವರ ಕಣಕ್ಕೆ ಸಿಮೆಂಟು ಬಿತ್ತು. ಮಿಕ್ಕದ್ದರಲ್ಲಿ ಒಂದು ಪಾಲನ್ನು ತಾವು ಓದಿದ ಅಥವಾ ತಮ್ಮ ಮಕ್ಕಳು ಓದಿದ ಕಾಲೇಜಿಗೆ ಕೊಡೋಣವೆಂಬ ಒಳ್ಳೆಯ ಮನಸ್ಸು ಹಲವು ಸದಸ್ಯರಿಗೆ ಬಂದಿರುವುದನ್ನು ನಾವು ಬಲ್ಲೆವು.

ಹೀಗೆ ಮನಸ್ಸು ಮಾಡಿದ ಕಳಸ ಕಡೆಯ ಹಿರಿಯ ಸದಸ್ಯೆಯೊಬ್ಬರು ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಕಚೇರಿಗೆ ಬಂದರು. ಗೊಬ್ಬರದ ಲೆಕ್ಕ ಮುಗಿಸಿದವರು ಏಳಲಿಲ್ಲ. "ಏನಪ್ಪಾ, ಕಾಲೇಜಿಗೆ ಒಂದಿಷ್ಟು ದುಡ್ಡು ಕೊಡಾಣ ಅಂತ ಮಾಡಿದೀನಿ. ಕೊಡದು ಕೊಡ್ತೀನಿ, ನಾ ಹೋದ ಮೇಲೆ ಅದನ್ನ ನಾ ಹೇಳಿದ್ದಕ್ಕೇ ಬಳಸ್ತಾರೆ ಅಂತ ಏನು ಗ್ಯಾರಂಟಿ?" ಎಂದು ಕೇಳಿದರು. ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಸ್ವಂತ ಮನೆಯಲ್ಲೇ ಇದೇ ವಿಷಯದಲ್ಲಿ ಒಂದು ತಪ್ಪು ನಡೆದು ಹೋಗಿರುವುದರಿಂದ ಆ ಪ್ರಶ್ನೆ ನಮಗೆ ಹೊಸದಾಗಿರಲಿಲ್ಲ.

ನಮ್ಮ ಮನೆಯ ತಪ್ಪು

1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಸುಟ್ಟು, ಲೋಕದಲ್ಲೆಲ್ಲ ಬೆಲೆ ಏರಿದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಆ ಹಂಗಾಮಿನ ಹಣದಲ್ಲಿ ನಮ್ಮ ತಂದೆಯವರು 1995ರಲ್ಲಿ ಒಂದು ವಿದ್ಯಾಸಂಸ್ಥೆಗೆ ಒಂದು ಲಕ್ಷ ರೂಪಾಯಿ ಕೊಟ್ಟರು. ಅವರ ಮನಸ್ಸಿನಲ್ಲಿದ್ದುದು ಇಷ್ಟು: ತೋಟದ ಲೈನ್ ಮನೆಗಳ ಮಕ್ಕಳಲ್ಲಿ ವರ್ಷಕ್ಕೆ ಇಬ್ಬರಿಗೆ ಕಾಲೇಜಿನ ಫೀಸು ಮತ್ತು ಪುಸ್ತಕ. ಈ ಮಾತನ್ನು ಅವರು ಆಗಿನ ಪ್ರಾಂಶುಪಾಲರಿಗೆ ಬಾಯಲ್ಲಿ ಹೇಳಿದರು. ಕಾಗದ ಬರೆಯುವ ಕೆಲಸ ಆಗತಾನೇ ಪದವಿ ಮುಗಿಸಿ ಬಂದಿದ್ದ ನಮ್ಮ ಪಾಲಿಗೆ ಬಂತು. ನಾವು ಬಹಳ ಅಂದವಾಗಿ "ಸಂಸ್ಥೆಯ ಅಭ್ಯುದಯಕ್ಕೂ ಬಡ ವಿದ್ಯಾರ್ಥಿಗಳ ಅನುಕೂಲಕ್ಕೂ" ಎಂದು ಟೈಪು ಮಾಡಿ ತಂದೆಯವರ ಸಹಿ ಹಾಕಿಸಿದೆವು.

ಆ ಪ್ರಾಂಶುಪಾಲರು ಇರುವವರೆಗೆ ಇಬ್ಬರು ಮಕ್ಕಳಿಗೆ ತಪ್ಪದೆ ಸಹಾಯ ಸಿಕ್ಕಿತು. ಅವರು ನಿವೃತ್ತರಾದರು. ಆಡಳಿತ ಮಂಡಳಿ ಬದಲಾಯಿತು. ಠೇವಣಿ ಅವಧಿ ಮುಗಿದಾಗ ಹಣ ಸಾಮಾನ್ಯ ಖಾತೆಗೆ ಹೋಯಿತು, ಅಲ್ಲಿಂದ ಕಟ್ಟಡ ನಿಧಿಗೆ ಹೋಯಿತು. ಕೆಲವು ವರ್ಷಗಳ ನಂತರ ತಂದೆಯವರನ್ನು ಅಲ್ಲಿಯ ಒಂದು ಸಮಾರಂಭಕ್ಕೆ ಕರೆದುಕೊಂಡು ಹೋದಾಗ ಮುಂಭಾಗದ ಹೊಸ ಮಂಟಪದ ಕಂಬದಲ್ಲಿ ಅಮೃತಶಿಲೆಯ ಮೇಲೆ ಅವರ ಹೆಸರಿತ್ತು. ತಂದೆಯವರು ಅದನ್ನು ಓದಿ, ಸನ್ಮಾನ ಮಾಡಲು ಬಂದವರನ್ನು ಕೇಳಿದ್ದು ಒಂದೇ ಮಾತು: "ಹುಡುಗರು ಎಲ್ಲಿ?" ಯಾರಿಗೂ ಆ ಪ್ರಶ್ನೆಯ ಅರ್ಥವಾಗಲಿಲ್ಲ.

ಇಲ್ಲಿ ಯಾರೂ ಹಣ ತಿನ್ನಲಿಲ್ಲ. ಲೆಕ್ಕಪತ್ರದಲ್ಲಿ ಒಂದು ಪೈಸೆಯ ತಪ್ಪೂ ಇರಲಿಲ್ಲ. ಮಂಟಪ ಕಟ್ಟುವುದು "ಸಂಸ್ಥೆಯ ಅಭ್ಯುದಯ" ಅಲ್ಲವೆಂದು ಹೇಳುವವರು ಯಾರು? ತಪ್ಪು ಕಾಗದದಲ್ಲಿತ್ತು, ಕಾಗದ ನಮ್ಮದಾಗಿತ್ತು. ದಾನಿಯ ಉದ್ದೇಶ ಕೆಡುವುದು ಬಹುಪಾಲು ಹೀಗೆಯೇ. ಕಳ್ಳತನದಿಂದ ಕೆಡುವುದು ಕಡಿಮೆ, ಅಸ್ಪಷ್ಟವಾದ ಮಾತಿನಿಂದ ಮತ್ತು ಕಾಲ ಸರಿದಂತೆ ಬರುವ ಮರೆವಿನಿಂದ ಕೆಡುವುದು ಹೆಚ್ಚು. ಈ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ: ಒಳ್ಳೆಯವರನ್ನು ನಂಬಿ ಕೊಟ್ಟ ದತ್ತಿ ಆ ಒಳ್ಳೆಯವರು ಇರುವಷ್ಟು ದಿನ ಬಾಳುತ್ತದೆ. ಸ್ಪಷ್ಟವಾದ ಪತ್ರ, ಬೇರೆಯಾದ ಖಾತೆ, ವರ್ಷಕ್ಕೊಮ್ಮೆ ಲೆಕ್ಕ ಕೇಳುವ ಒಬ್ಬರು, ಈ ಮೂರೂ ಇದ್ದರೆ ಅದಕ್ಕಿಂತ ಹೆಚ್ಚು ಬಾಳುತ್ತದೆ.

ನಮ್ಮ ನಾಡಿನ ದೊಡ್ಡ ಉದಾಹರಣೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ವಿಶೇಷವೇನೆಂದರೆ ಅದನ್ನು ಕಟ್ಟಲು ಹಣ ಕೊಟ್ಟ ಜೆಮ್‌ಷೆಟ್ಜಿ ಟಾಟಾ ಅವರಿಗೆ ತಮ್ಮ ಹೆಸರು ಅದಕ್ಕೆ ಇರುವುದು ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದುದು ಭಾರತದ ಪದವೀಧರರು ಭಾರತದಲ್ಲೇ ಉನ್ನತ ಸಂಶೋಧನೆ ಮಾಡುವ ಒಂದು ಸಂಸ್ಥೆ. 1898ರಲ್ಲಿ ಅವರು ಮುಂಬಯಿಯ ತಮ್ಮ ಸ್ವತ್ತುಗಳಲ್ಲಿ ದೊಡ್ಡ ಭಾಗವನ್ನು ಇದಕ್ಕೆಂದು ಕೊಡಮಾಡಿದರು. ಅದೇ ವರ್ಷದ ಕೊನೆಯ ದಿನ, ಆಗಷ್ಟೇ ಮುಂಬಯಿಗೆ ಬಂದಿಳಿದಿದ್ದ ವೈಸರಾಯ್ ಲಾರ್ಡ್ ಕರ್ಜನ್ನರ ಮುಂದೆ ಯೋಜನೆಯನ್ನು ಇಡಲಾಯಿತು. ಕರ್ಜನ್ನರಿಗೆ ಅನುಮಾನಗಳಿದ್ದವು. ಸಮಿತಿಗಳಾದವು, ವರದಿಗಳಾದವು, ವರ್ಷಗಳು ಕಳೆದವು. 1904ರ ಮೇ ತಿಂಗಳಲ್ಲಿ ಟಾಟಾ ಅವರು ಜರ್ಮನಿಯಲ್ಲಿ ತೀರಿಕೊಂಡಾಗ ಸಂಸ್ಥೆಯ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ.

ದಾನಿ ಸತ್ತ ಮೇಲೆ ದಾನ ಏನಾಗುತ್ತದೆಂಬ ಪ್ರಶ್ನೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೇ? ಆದರೆ ಉದ್ದೇಶ ಉಳಿಯಿತು. ಅವರ ಮಕ್ಕಳಾದ ದೊರಾಬ್ಜಿ ಮತ್ತು ರತನ್‌ಜಿ ಅವರು ತಂದೆಯ ಮಾತಿಗೆ ನಿಂತರು. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಮೀನು ಕೊಟ್ಟಿತು. ಬಂಡವಾಳಕ್ಕೆ 5 ಲಕ್ಷ ರೂಪಾಯಿಗಳನ್ನೂ ವಾರ್ಷಿಕ ಅನುದಾನವನ್ನೂ ಕೊಟ್ಟಿತು. ಕೊನೆಗೆ 1909ರ ಮೇ 27ರಂದು, 1890ರ ಧರ್ಮಾದಾಯ ದತ್ತಿಗಳ ಕಾಯಿದೆಯ ಅಡಿಯಲ್ಲಿ ಸರ್ಕಾರದ ಆದೇಶ ಹೊರಟಿತು. ಆ ಕಾಯಿದೆಯ ಏರ್ಪಾಡು ಬಹಳ ಸರಳ: ದತ್ತಿಯ ಆಸ್ತಿ ದತ್ತಿಗಳ ಖಜಾಂಚಿ ಎಂಬ ಸರ್ಕಾರಿ ಅಧಿಕಾರಿಯ ಹೆಸರಿನಲ್ಲಿ ನಿಲ್ಲುತ್ತದೆ, ಆ ಆಸ್ತಿಯ ಆದಾಯವನ್ನು ಯಾರು, ಯಾವುದಕ್ಕೆ, ಹೇಗೆ ಬಳಸಬೇಕೆಂಬುದು ಲಿಖಿತ ಯೋಜನೆಯಲ್ಲಿ ಇರುತ್ತದೆ. ಅಂದರೆ ಹಣ ಇಟ್ಟುಕೊಳ್ಳುವ ಕೈ ಒಂದು, ಖರ್ಚು ಮಾಡುವ ಕೈ ಇನ್ನೊಂದು. ನಮ್ಮ ಸಂಘದಲ್ಲಿ ಗೋದಾಮಿನ ಬೀಗದ ಕೈ ಒಬ್ಬರ ಬಳಿ, ದಾಸ್ತಾನು ಪುಸ್ತಕ ಮತ್ತೊಬ್ಬರ ಬಳಿ ಇರುವಂತೆ.

ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಮೊದಲ ಯೋಜನೆಯಲ್ಲಿ ವಿಜ್ಞಾನದ ಜೊತೆಗೆ ವೈದ್ಯಕೀಯ, ತತ್ತ್ವಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರದ ವಿಭಾಗಗಳೂ ಇದ್ದವು. 1911ರಲ್ಲಿ ತರಗತಿಗಳು ಆರಂಭವಾದಾಗ ಇದ್ದುದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಶಾಸ್ತ್ರದಂಥ ಕೆಲವೇ ವಿಭಾಗಗಳು. ಅನಂತರ 1921ರಲ್ಲಿ, 1930ರಲ್ಲಿ, 1936ರಲ್ಲಿ ಪರಿಶೀಲನಾ ಸಮಿತಿಗಳು ಬಂದು ಸಂಸ್ಥೆ ತನ್ನ ದಾರಿಯಲ್ಲಿದೆಯೇ ಎಂದು ನೋಡಿದವು. ವಿಧಾನ ಬದಲಾಯಿತು, ವಿಭಾಗಗಳು ಬದಲಾದವು, ಉದ್ದೇಶ ನಿಂತಿತು. ಗಟ್ಟಿಯಾಗಿ ಹಿಡಿಯಬೇಕಾದದ್ದು ಯಾವುದು, ಸಡಿಲ ಬಿಡಬೇಕಾದದ್ದು ಯಾವುದು ಎಂಬುದನ್ನು ಇಲ್ಲಿ ಕಲಿಯಬಹುದು.

ಉತ್ತರ ಕರ್ನಾಟಕದಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಉಯಿಲಿನಲ್ಲಿ ಬಿಟ್ಟಿದ್ದರು. 1933ರಲ್ಲಿ ಆರಂಭವಾದ ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಅವರ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಬಹುದೆಂಬುದನ್ನು ನೋಡಿರಿ: ಮಕ್ಕಳು ಓದಬೇಕು. ಅಂಥ ಒಂದು ವಾಕ್ಯವಿಲ್ಲದಿದ್ದರೆ ಎಷ್ಟು ದೊಡ್ಡ ಆಸ್ತಿಯಾದರೂ ದಿಕ್ಕು ತಪ್ಪುತ್ತದೆ.

ಹೊರಗಿನ ಮೂರು ಪಾಠಗಳು

ಮದರಾಸಿನ ಪಚ್ಚೈಯಪ್ಪ ಮೊದಲಿಯಾರರು 1794ರಲ್ಲಿ ತೀರಿಕೊಂಡರು. ದೊಡ್ಡ ವರ್ತಕರು. ತಮ್ಮ ಸಂಪತ್ತನ್ನು ದೇವಸ್ಥಾನದ ಸೇವೆ ಮೊದಲಾದ ಧರ್ಮಕಾರ್ಯಗಳಿಗೆ ಉಯಿಲು ಬರೆದಿದ್ದರು. ಆದರೆ ಅದನ್ನು ನಡೆಸಬೇಕಾದವರು ನಡೆಸಲಿಲ್ಲ, ಕೇಳಬೇಕಾದವರು ಕೇಳಲಿಲ್ಲ. ಕೊನೆಗೆ ಮದರಾಸಿನ ಆಗಿನ ಸುಪ್ರೀಂ ಕೋರ್ಟು ಕೈಹಾಕಿ ಹಣವನ್ನು ಕೂಡಿಸಿತು. ಧರ್ಮಕಾರ್ಯಗಳಿಗೆ ಕೊಟ್ಟು ಉಳಿದದ್ದನ್ನು ವಿದ್ಯೆಗೆ ಬಳಸಬಹುದೆಂದಾಗಿ, 1842ರಲ್ಲಿ ಅವರ ಹೆಸರಿನ ಶಾಲೆ ತೆರೆಯಿತು. ಅದೇ ಮುಂದೆ ಪಚ್ಚೈಯಪ್ಪ ಕಾಲೇಜಾಯಿತು. ಫಲ ಒಳ್ಳೆಯದೇ ಆಯಿತು, ನಿಜ. ಆದರೆ ನಡುವೆ 48 ವರ್ಷಗಳು ಹೋದವು. ಲೆಕ್ಕ ಕೇಳುವವರನ್ನು ಹೆಸರಿಸದ ಉಯಿಲಿಗೆ ಇದು ಎಚ್ಚರಿಕೆ.

ಎರಡನೆಯದು ಅಮೆರಿಕದ್ದು. ಕಿರಾಣಿ ಅಂಗಡಿಗಳ ದೊಡ್ಡ ಸಂಸ್ಥೆಯ ವಾರಸುದಾರರಾದ ರಾಬರ್ಟ್‌ಸನ್ ದಂಪತಿಗಳು 1961ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 3 ಕೋಟಿ 50 ಲಕ್ಷ ಡಾಲರ್ ಮೌಲ್ಯದ ದತ್ತಿ ಕೊಟ್ಟರು. ಸರ್ಕಾರಿ ಸೇವೆಗೆ, ವಿಶೇಷವಾಗಿ ವಿದೇಶಾಂಗ ವ್ಯವಹಾರಗಳಿಗೆ, ಪದವೀಧರರನ್ನು ತಯಾರು ಮಾಡುವುದು ಉದ್ದೇಶ. ಹಣ ಬೇರೆಡೆಗೂ ಹರಿಯುತ್ತಿದೆಯೆಂದು ಅವರ ಮಕ್ಕಳು 2002ರಲ್ಲಿ ದಾವೆ ಹೂಡಿದರು. ಆರು ವರ್ಷ ವ್ಯಾಜ್ಯ ನಡೆದು 2008ರ ಡಿಸೆಂಬರಿನಲ್ಲಿ ರಾಜಿಯಾಯಿತು. ದತ್ತಿ ವಿಶ್ವವಿದ್ಯಾಲಯದಲ್ಲೇ ಉಳಿಯಿತು. ಕುಟುಂಬದ ವ್ಯಾಜ್ಯದ ಖರ್ಚಿಗೆಂದು 4 ಕೋಟಿ ಡಾಲರ್, ಅದೇ ಉದ್ದೇಶದ ಹೊಸ ಸಂಸ್ಥೆಯೊಂದಕ್ಕೆ 5 ಕೋಟಿ ಡಾಲರ್ ಕೊಡಬೇಕಾಯಿತು. ಖರ್ಚಿಗೆ ಹೋದದ್ದೇ ಮೂಲ ದತ್ತಿಗಿಂತ ಹೆಚ್ಚು! ಇಷ್ಟು ದೊಡ್ಡವರಿಗೇ ಇಷ್ಟು ಕಷ್ಟವಾದರೆ ನಾಲ್ಕೆಂಟು ಎಕರೆ ತೋಟದವರು ಕೋರ್ಟಿನ ದಾರಿಯನ್ನು ಮೊದಲ ದಾರಿಯೆಂದು ತಿಳಿಯಬಾರದು.

ಮೂರನೆಯದು ದಾನಿಗಳಾದ ನಮಗೇ ಹೇಳಿದ ಬುದ್ಧಿ. 1991ರಲ್ಲಿ ಲೀ ಬಾಸ್ ಎಂಬವರು ಯೇಲ್ ವಿಶ್ವವಿದ್ಯಾಲಯಕ್ಕೆ ಪಾಶ್ಚಾತ್ಯ ನಾಗರಿಕತೆಯ ಅಧ್ಯಯನಕ್ಕೆಂದು 2 ಕೋಟಿ ಡಾಲರ್ ಕೊಟ್ಟರು. ವರ್ಷಗಳಾದರೂ ಆ ಪಾಠಕ್ರಮ ಶುರುವಾಗಲಿಲ್ಲ. ಆಗ ದಾನಿ, ನೇಮಕವಾಗುವ ಅಧ್ಯಾಪಕರಿಗೆ ತಮ್ಮ ಒಪ್ಪಿಗೆಯೂ ಬೇಕೆಂದರು. ವಿಶ್ವವಿದ್ಯಾಲಯ ಅದಕ್ಕೆ ಒಪ್ಪದೆ 1995ರಲ್ಲಿ ಹಣವನ್ನೇ ಹಿಂತಿರುಗಿಸಿತು. ಹಣ ಯಾವುದಕ್ಕೆ ಎಂದು ಹೇಳುವುದು ದಾನಿಯ ಹಕ್ಕು. ಯಾರು ಪಾಠ ಮಾಡಬೇಕು, ಯಾರನ್ನು ಪಾಸು ಮಾಡಬೇಕು ಎಂದು ಹೇಳುವುದು ಅವನ ಹಕ್ಕಲ್ಲ. ಇನ್ನು ಮಗನಿಗೋ ಮೊಮ್ಮಗಳಿಗೋ ಸೀಟು ಸಿಗಲೆಂದು ಕೊಡುವ ಹಣ ದತ್ತಿಯೇ ಅಲ್ಲ. ಅದನ್ನು ತಡೆಯಲೆಂದೇ ನಮ್ಮ ರಾಜ್ಯದಲ್ಲಿ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯಿದೆ ಬಂದಿದೆ.

ಕಾನೂನು ಏನು ಹೇಳುತ್ತದೆ?

ನಾವು ವಕೀಲರಲ್ಲ. ಆದರೂ ವಕೀಲರ ಬಳಿ ಹೋಗುವ ಮುನ್ನ ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಒಂದು: ಜಮೀನು, ಕಟ್ಟಡ ಮೊದಲಾದ ಸ್ಥಿರಾಸ್ತಿಯನ್ನು ದಾನ ಕೊಡಬೇಕಾದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ದಾನಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಿರಬೇಕು. ಬಾಯಿಮಾತಿನಲ್ಲಿ "ರಸ್ತೆ ಪಕ್ಕದ ಅರ್ಧ ಎಕರೆ ಹಾಸ್ಟೆಲ್ಲಿಗೆ ಬಿಟ್ಟಿದ್ದೇನೆ" ಎಂದರೆ ಕಾನೂನಿನಲ್ಲಿ ಬಿಟ್ಟಂತಾಗುವುದಿಲ್ಲ.

ಎರಡು: ಹಾಗೆ ಕೊಟ್ಟ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಆದರೆ ನಿರ್ದಿಷ್ಟ ಘಟನೆಯೊಂದು ನಡೆದರೆ ದಾನ ರದ್ದಾಗುತ್ತದೆಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳಬಹುದು. ಆ ಘಟನೆ ದಾನಿಯ ಇಷ್ಟವನ್ನೇ ಅವಲಂಬಿಸಿರಬಾರದು. "ಐದು ವರ್ಷದೊಳಗೆ ಈ ಜಾಗದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲ್ ಕಟ್ಟದಿದ್ದರೆ" ಎಂಬ ಷರತ್ತು ಒಂದು ಬಗೆ. "ನನಗೆ ಸರಿಕಾಣದಿದ್ದರೆ" ಎಂಬ ಷರತ್ತು ಇನ್ನೊಂದು ಬಗೆ, ಅದು ನಿಲ್ಲದು. ಹಾಗೆಯೇ ಪೂರ್ತಿ ಹಕ್ಕು ಬಿಟ್ಟುಕೊಟ್ಟು "ಎಂದೆಂದಿಗೂ ಮಾರಕೂಡದು" ಎಂದಷ್ಟೇ ಬರೆದರೆ ಅಂಥ ನಿರ್ಬಂಧ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಶಾಶ್ವತವಾಗಿ ಉಳಿಯಬೇಕಾದ ಆಸ್ತಿಗೆ ನ್ಯಾಸಪತ್ರ, ಅಂದರೆ ಟ್ರಸ್ಟ್ ಡೀಡು, ಹೆಚ್ಚು ಕ್ಷೇಮ.

ಮೂರು: ಸಾರ್ವಜನಿಕ ಧರ್ಮಾದಾಯ ನ್ಯಾಸದಲ್ಲಿ ನಂಬಿಕೆದ್ರೋಹವಾದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಂತೆ ರಾಜ್ಯದ ಅಡ್ವೊಕೇಟ್ ಜನರಲ್ಲರು, ಇಲ್ಲವೇ ಆ ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ನ್ಯಾಯಾಲಯ ಲೆಕ್ಕ ಕೇಳಬಹುದು, ಧರ್ಮದರ್ಶಿಗಳನ್ನು ತೆಗೆಯಬಹುದು, ಹೊಸ ಯೋಜನೆ ಹಾಕಿಕೊಡಬಹುದು. ಮೂಲ ಉದ್ದೇಶ ನಡೆಸಲು ಅಸಾಧ್ಯವಾದರೆ ಅದಕ್ಕೆ ಹತ್ತಿರದ ಉದ್ದೇಶಕ್ಕೆ ಆಸ್ತಿಯನ್ನು ತಿರುಗಿಸಬಹುದೆಂದು 1976ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆಯಲಾಗಿದೆ. ಆದರೆ ಈ ದಾರಿ ನ್ಯಾಸಕ್ಕೆ. ಬರಿಯ ಚೆಕ್ಕಿನ ಜೊತೆ ಒಂದು ಒಕ್ಕಣೆ ಕಳಿಸಿದ್ದರೆ ಅದು ನ್ಯಾಸವೇ ಅಲ್ಲವೇ ಎಂಬಲ್ಲೇ ವಾದ ನಿಂತುಬಿಡುತ್ತದೆ. ಆದ್ದರಿಂದ ಪತ್ರದಲ್ಲಿ "ಈ ಹಣವನ್ನು ಕಾಲೇಜು ತನ್ನ ಸ್ವಂತ ಹಣವಾಗಿ ಅಲ್ಲದೆ, ಕೆಳಗಿನ ಉದ್ದೇಶಕ್ಕಾಗಿ ನ್ಯಾಸವಾಗಿ ಇಟ್ಟುಕೊಂಡಿರತಕ್ಕದ್ದು" ಎಂಬ ವಾಕ್ಯ ಇರಲೇಬೇಕು.

ನಾಲ್ಕು: ಅಸಲು ಖರ್ಚಾಗಕೂಡದೆಂದಿದ್ದರೆ ಆ ಸೂಚನೆ ಹಣ ಕೊಡುವಾಗಲೇ ಬರವಣಿಗೆಯಲ್ಲಿರಬೇಕು. ಇದನ್ನು ಲೆಕ್ಕಿಗರು ಕಾರ್ಪಸ್ ದೇಣಿಗೆ ಎನ್ನುತ್ತಾರೆ. ತೆರಿಗೆ ವಿನಾಯಿತಿಯ ವಿಷಯವನ್ನು ತಮ್ಮ ಆಡಿಟರ ಬಳಿ ಕೇಳಿ, ಸರಿಯಾದ ರಸೀದಿ ಪಡೆಯಿರಿ.

ದತ್ತಿಪತ್ರದಲ್ಲಿ ಇರಬೇಕಾದದ್ದು

1. ಉದ್ದೇಶ, ಒಂದೇ ವಾಕ್ಯದಲ್ಲಿ. "ಅಭ್ಯುದಯ", "ಸರ್ವತೋಮುಖ ಬೆಳವಣಿಗೆ" ಮುಂತಾದ ಮಾತುಗಳು ಭಾಷಣಕ್ಕೆ ಇರಲಿ. ಯಾರಿಗೆ, ಏನು, ಎಷ್ಟು ಜನಕ್ಕೆ ಎಂಬುದು ಓದಿದವರಿಗೆ ತಿಳಿಯಬೇಕು.

2. ಆಯ್ಕೆ ಮಾಡುವವರು ಯಾರು. ಪ್ರಾಂಶುಪಾಲರು, ಒಬ್ಬ ಅಧ್ಯಾಪಕರು, ಹೊರಗಿನ ಒಬ್ಬರು, ಹೀಗೆ ಮೂವರಿದ್ದರೆ ಒಳ್ಳೆಯದು. ವ್ಯಕ್ತಿಯ ಹೆಸರಿಗಿಂತ ಹುದ್ದೆಯ ಹೆಸರು ಬರೆಯಿರಿ. ಪ್ರಾಂಶುಪಾಲರಿಗೆ ವರ್ಗವಾಗುತ್ತದೆ, ಕಾಗದಕ್ಕೆ ವರ್ಗವಿಲ್ಲ.

3. ಬೇರೆ ಖಾತೆ, ಬೇರೆ ಠೇವಣಿ. ದತ್ತಿಯ ಹೆಸರಿನಲ್ಲೇ ಠೇವಣಿ ಇರಬೇಕು. ಅವಧಿ ಮುಗಿದಾಗ ತಾನಾಗಿ ನವೀಕರಣವಾಗುವ ಏರ್ಪಾಡಿರಬೇಕು. ನಮ್ಮ ತಂದೆಯವರ ಹಣ ದಾರಿ ತಪ್ಪಿದ್ದು ನವೀಕರಣದ ದಿನದಲ್ಲೇ.

4. ವರ್ಷದ ಲೆಕ್ಕ. ಯಾವ ತಿಂಗಳೊಳಗೆ, ಯಾರಿಗೆ ಲೆಕ್ಕ ಕಳಿಸಬೇಕೆಂದು ಬರೆಯಿರಿ. ದಾನಿಯ ನಂತರ ಯಾರು? ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಊರಲ್ಲಿ ಉಳಿಯುವ ಒಂದು ಸಂಸ್ಥೆಯ ಹೆಸರನ್ನೂ ಸೇರಿಸುವುದು ಕ್ಷೇಮ.

5. ಪರ್ಯಾಯ ಉದ್ದೇಶ. ಮೊದಲನೆಯ ಉದ್ದೇಶಕ್ಕೆ ಅರ್ಹರು ಎರಡು ವರ್ಷ ಸಿಗದಿದ್ದರೆ ಯಾರಿಗೆ ಕೊಡಬೇಕು? ಕಾಲೇಜೇ ಮುಚ್ಚಿದರೆ ಹಣ ಯಾರಿಗೆ ಹೋಗಬೇಕು? ಇದನ್ನು ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ.

6. ಮುರಿದರೆ ಏನು. ಮೊದಲು ಪತ್ರದ ಮೂಲಕ ತಿಳುವಳಿಕೆ, ಆಮೇಲೆ ಇಬ್ಬರೂ ಒಪ್ಪುವ ಮಧ್ಯಸ್ಥರು, ಕೊನೆಗೆ ಅದೇ ಉದ್ದೇಶದ ಬೇರೆ ಸಂಸ್ಥೆಗೆ ವರ್ಗಾವಣೆ, ಎಂಬ ಕ್ರಮ ಇರಲಿ.

7. ಎರಡು ಸಹಿ. ದಾನಿಯ ಸಹಿ ಮಾತ್ರ ಇದ್ದರೆ ಅದು ವಿನಂತಿ. ಆಡಳಿತ ಮಂಡಳಿಯ ನಿರ್ಣಯದ ಸಂಖ್ಯೆಯೊಂದಿಗೆ ಸಂಸ್ಥೆಯ ಸಹಿಯೂ ಬಿದ್ದರೆ ಅದು ಒಪ್ಪಂದ. ಸರ್ಕಾರಿ ಕಾಲೇಜಾದರೆ ಹಣ ಯಾವ ಸಮಿತಿಯ, ಯಾವ ಖಾತೆಗೆ ಸೇರುತ್ತದೆ, ಅದಕ್ಕೆ ಇಲಾಖೆಯ ಅನುಮತಿ ಬೇಕೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಒಂದು ಲೆಕ್ಕ

ದತ್ತಿಯನ್ನು ಕೆಡಿಸುವ ಇನ್ನೊಂದು ಸಂಗತಿ ಹಣದ ಬೆಲೆ ಇಳಿಯುವುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಹಿಂದಿನವರು ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕಕ್ಕೆಂದು ದತ್ತಿ ಇಟ್ಟರು. 1970ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಇನ್ನೂರು ರೂಪಾಯಿಗೂ ಕಡಿಮೆ ಬೆಲೆಯಿತ್ತು. 2025ರಲ್ಲಿ ಅದು ಲಕ್ಷ ರೂಪಾಯಿ ದಾಟಿತು. ಅಂದಿನ ಅಸಲಿನ ಬಡ್ಡಿಯಲ್ಲಿ ಇಂದು ಚಿನ್ನದ ನೀರು ಬಳಿಸುವುದೂ ಕಷ್ಟ.

ಇದಕ್ಕೆ ನಮ್ಮ ಸಹಕಾರ ಸಂಘಗಳಲ್ಲೇ ಒಂದು ದಾರಿ ಇದೆ. ನಿವ್ವಳ ಲಾಭದಲ್ಲಿ ಕನಿಷ್ಠ ಕಾಲು ಭಾಗವನ್ನು ಆಪದ್ಧನ ನಿಧಿಗೆ ತೆಗೆದಿಡಬೇಕೆಂದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ವಿಧಿಸುತ್ತದೆ. ದತ್ತಿಯಲ್ಲೂ ಹಾಗೆಯೇ ಮಾಡಬಹುದು. ಉದಾಹರಣೆಗೆ 10 ಲಕ್ಷ ರೂಪಾಯಿ ಅಸಲು, ಶೇಕಡಾ 7ರ ಬಡ್ಡಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಬರುವ ಬಡ್ಡಿ 70,000 ರೂಪಾಯಿ. ಅದರಲ್ಲಿ ಕಾಲು ಭಾಗ, ಅಂದರೆ 17,500 ರೂಪಾಯಿಯನ್ನು ಅಸಲಿಗೆ ಸೇರಿಸಿ, ಉಳಿದ 52,500 ರೂಪಾಯಿಯನ್ನು ಮಕ್ಕಳಿಗೆ ಕೊಡಬೇಕು. ಪ್ರತಿವರ್ಷ ಹೀಗೆ ಮಾಡಿದರೆ, ಬಡ್ಡಿಯ ದರ ಅದೇ ಇದ್ದಲ್ಲಿ, 20 ವರ್ಷದಲ್ಲಿ ಅಸಲು 14 ಲಕ್ಷ ರೂಪಾಯಿ ದಾಟುತ್ತದೆ. ಬೆಲೆ ಏರಿಕೆಯನ್ನು ಇದು ಪೂರ್ತಿ ಸರಿದೂಗಿಸುವುದಿಲ್ಲ. ಆದರೆ ಬಡ್ಡಿಯನ್ನೆಲ್ಲ ಖರ್ಚು ಮಾಡಿ 20 ವರ್ಷದ ನಂತರವೂ ಅದೇ 10 ಲಕ್ಷದಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು. ಹಾಗೆಯೇ "ತಲಾ ಇಷ್ಟು ರೂಪಾಯಿ" ಎಂದು ಮೊತ್ತ ಬರೆಯುವ ಬದಲು "ಆ ವರ್ಷದ ಹಾಸ್ಟೆಲ್ ವೆಚ್ಚ" ಎಂದು ಬರೆದರೆ ಕಾಲಕ್ಕೆ ತಕ್ಕಂತೆ ನಡೆಯುತ್ತದೆ.

ಕಾಲೇಜಿನವರ ಕಡೆಯ ಮಾತು

ಒಂದೇ ಕಡೆಯ ಮಾತು ಹೇಳುವುದು ನ್ಯಾಯವಲ್ಲ. ನಿವೃತ್ತ ಪ್ರಾಂಶುಪಾಲರೊಬ್ಬರು ನಮಗೆ ಹೇಳಿದ ಸಂಗತಿ ಇದು. ಅವರ ಕಾಲೇಜಿನಲ್ಲಿ ಒಂದು ದತ್ತಿ ಇತ್ತು. ಇಂಥ ಗ್ರಾಮದಲ್ಲಿ ಹುಟ್ಟಿ, ಬೆರಳಚ್ಚು ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದ ಹುಡುಗನಿಗೆ ಬಹುಮಾನ. ಟೈಪ್‌ರೈಟರುಗಳು ಗುಜರಿಗೆ ಹೋದವು, ಆ ಗ್ರಾಮದ ಶಾಲೆ ಮುಚ್ಚಿತು. ಬಡ್ಡಿ ಮಾತ್ರ ಬೆಳೆಯುತ್ತ ಹೋಯಿತು. ಬಾಗಿಲ ಹೊರಗೆ ಫೀಸಿಗಿಲ್ಲದ ಮಕ್ಕಳು, ಒಳಗೆ ಮುಟ್ಟಬಾರದ ಹಣ. "ಸಾರ್, ದಾನಿಯ ಮನಸ್ಸು ಬೆರಳಚ್ಚಿನಲ್ಲಿ ಇರಲಿಲ್ಲ, ಹುಡುಗನಿಗೆ ಒಂದು ಕೆಲಸ ಸಿಗಲಿ ಅನ್ನೋದರಲ್ಲಿತ್ತು. ಅದನ್ನೇ ಬರೆದಿದ್ದರೆ ನಾವು ಕಂಪ್ಯೂಟರ್ ಕಲಿತವನಿಗೆ ಕೊಡ್ತಿದ್ವಿ" ಎಂದರು.

ಈ ಮಾತು ಬಹಳ ಸರಿ. ಷರತ್ತು ಹೆಚ್ಚಾದಷ್ಟೂ ಉದ್ದೇಶ ಭದ್ರವಾಗುತ್ತದೆಂಬುದು ತಪ್ಪು ತಿಳುವಳಿಕೆ. ಏಕೆ ಕೊಡುತ್ತಿದ್ದೇವೆ ಎಂಬುದನ್ನು ಗಟ್ಟಿಯಾಗಿ ಬರೆಯಬೇಕು, ಹೇಗೆ ಎಂಬುದನ್ನು ಸ್ವಲ್ಪ ಸಡಿಲ ಬಿಡಬೇಕು. ನೆರಳಿನ ಮರ ನೆಡುವವರು ಯಾವ ಕೊಂಬೆ ಯಾವ ದಿಕ್ಕಿಗೆ ಹೋಗಬೇಕೆಂದು ಬರೆದಿಡುವುದಿಲ್ಲ. ಮರಗಸಿ ಮಾಡುವವರಿಗೆ ಗಿಡಕ್ಕೆ ಎಷ್ಟು ನೆರಳು ಬೇಕೆಂಬುದು ತಿಳಿದಿದ್ದರೆ ಸಾಕು.

ಇನ್ನೂ ಒಂದು ಮಾತು. ಲೆಕ್ಕ ಕೇಳುವುದೆಂದರೆ ಅನುಮಾನ ಪಡುವುದಲ್ಲ. ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಎದ್ದು ಲೆಕ್ಕ ಕೇಳಿದಾಗ ಕಾರ್ಯದರ್ಶಿಯಾದ ನಮಗೆ ಅವಮಾನವಾಗುವುದಿಲ್ಲ. ಕೇಳದಿದ್ದರೆ ನಾವೇ ಸೋಮಾರಿಗಳಾಗುತ್ತೇವೆ. ಸಾಧ್ಯವಾದರೆ ವರ್ಷಕ್ಕೊಮ್ಮೆ ಕಾಲೇಜಿಗೆ ಹೋಗಿ, ದತ್ತಿ ಪಡೆದ ವಿದ್ಯಾರ್ಥಿಯನ್ನು ಕಂಡು ಮಾತಾಡಿಸಿ ಬರಬೇಕು. ನಮ್ಮ ತಂದೆಯವರ ದತ್ತಿಯ ವಿಷಯದಲ್ಲಿ ನಾವು ಹಲವು ವರ್ಷ ಹೋಗಲೇ ಇಲ್ಲ. ಪಿಕ್ಕಿಂಗ್ ಇತ್ತು, ಪಲ್ಪಿಂಗ್ ಇತ್ತು, ಮಳೆ ಇತ್ತು. ಅದೂ ಆ ತಪ್ಪಿನ ಒಂದು ಪಾಲು.

ಕೊನೆಯ ಮಾತು

ಕಳಸ ಕಡೆಯ ಆ ಹಿರಿಯರ ದತ್ತಿಪತ್ರದ ಕರಡನ್ನು ನಾವೇ ಬರೆದುಕೊಟ್ಟೆವು. ಅವರ ಮನಸ್ಸಿನಲ್ಲಿದ್ದುದು ಒಬ್ಬ ಹುಡುಗಿ. "ನಮ್ಮ ಲೈನಲ್ಲೇ ಹುಟ್ಟಿದ ಹುಡುಗಿ ಕಣಪ್ಪಾ. ಪಿಯುಸಿ ಪಾಸಾದ್ಲು. ಹಾಸ್ಟೆಲಿಗೆ ಕಟ್ಟಕ್ಕೆ ದುಡ್ಡಿಲ್ಲ ಅಂತ ಮನೇಲಿ ಕೂತ್ಲು. ನಂಗೆ ಗೊತ್ತಾಗಿದ್ದು ಅವಳ ಮದುವೆ ಕಾಗದ ಬಂದಾಗ" ಎಂದರು. ಕರಡನ್ನು ಓದಿ ಹೇಳುವಾಗ, ಮೂವತ್ತು ವರ್ಷದ ಹಿಂದಿನ ಅಭ್ಯಾಸಬಲದಿಂದ ನಮ್ಮ ಲೇಖನಿಯಲ್ಲಿ ಮತ್ತೆ "ಅಭ್ಯುದಯ" ಎಂಬ ಪದ ಬಂದುಬಿಟ್ಟಿತ್ತು. "ಹಂಗಂದ್ರೇನಪ್ಪಾ?" ಎಂದು ಕೇಳಿದರು. ನಾವು ಅದನ್ನು ಹೊಡೆದುಹಾಕಿದೆವು. ಈಗ ಮೊದಲ ವಾಕ್ಯ ಹೀಗಿದೆ: "ತೋಟದ ಕೂಲಿಯವರ ಹೆಣ್ಣುಮಕ್ಕಳಲ್ಲಿ ಪಿಯುಸಿ ಮುಗಿಸಿ ಕಾಲೇಜು ಸೇರುವ ಇಬ್ಬರಿಗೆ, ಪದವಿ ಮುಗಿಯುವವರೆಗೆ, ಹಾಸ್ಟೆಲ್ ವೆಚ್ಚ." ಅವರು ಅದನ್ನು ಮೂರು ಸಲ ಓದಿಸಿ ಕೇಳಿ ಒಪ್ಪಿಕೊಂಡರು. ಕಾಲೇಜಿನವರೂ ಒಪ್ಪಿದ್ದಾರೆ. ವರ್ಷದ ಲೆಕ್ಕ ಅವರಿಗೂ, ಅವರ ನಂತರ ನಮ್ಮ ಸಂಘದ ಕಚೇರಿಗೂ ಬರಬೇಕೆಂದು ಬರೆದಿದೆ.

ಇಂಥ ಪತ್ರ ಬರೆಸಬೇಕೆಂದಿರುವ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ಮಾತಾಡಬಹುದು. ಮಾದರಿ ಕರಡು ನಮ್ಮಲ್ಲಿದೆ. ಈಗಾಗಲೇ ಎಲ್ಲಿಯಾದರೂ ದತ್ತಿ ಇಟ್ಟಿರುವವರು ಈ ವಾರವೇ ತಮ್ಮ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದವನ್ನು ತೆಗೆದು ಒಮ್ಮೆ ಓದಿನೋಡಬೇಕೆಂದು ಕೋರುತ್ತೇವೆ.

ಅಧ್ಯಯನ ಕೂಟಗಳಲ್ಲಿ ಚರ್ಚೆಗೆ

1. ನಿಮ್ಮ ಮನೆತನದವರು ಶಾಲೆಗೋ ಕಾಲೇಜಿಗೋ ಕೊಟ್ಟ ದತ್ತಿ ಇದೆಯೇ? ಅದರ ಉದ್ದೇಶವನ್ನು ಕಾಗದ ನೋಡದೆ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ಕಾಗದದಲ್ಲಿ ಅದೇ ಮಾತಿದೆಯೇ?

2. ಟಾಟಾ ಅವರ ದತ್ತಿಯಲ್ಲಿ ಬದಲಾದದ್ದೇನು, ಬದಲಾಗದೆ ಉಳಿದದ್ದೇನು?

3. 5 ಲಕ್ಷ ರೂಪಾಯಿ ಅಸಲಿಗೆ ಶೇಕಡಾ 6ರ ಬಡ್ಡಿಯಂತೆ, ಕಾಲು ಭಾಗವನ್ನು ಅಸಲಿಗೆ ಸೇರಿಸಿದರೆ ಮೊದಲ ವರ್ಷ ವಿದ್ಯಾರ್ಥಿಗೆ ಸಿಗುವುದೆಷ್ಟು?

4. ಹಣ ಕೊಟ್ಟವರು ಎಲ್ಲಿಯವರೆಗೆ ಕೇಳಬಹುದು, ಎಲ್ಲಿಂದಾಚೆಗೆ ಕೇಳಬಾರದು?

5. ನೀವು ಇಲ್ಲದ ಕಾಲದಲ್ಲಿ ನಿಮ್ಮ ಪರವಾಗಿ ಲೆಕ್ಕ ಕೇಳುವವರು ಯಾರು? ಅವರಿಗೆ ಈ ವಿಷಯ ತಿಳಿಸಿದ್ದೀರಾ?